ಬ್ರೂಸ್ ಫೂಟ್ ಸಾಹೇಬರೂ ನಮ್ಮ ಕಾಲಡಿಯ ಕಲ್ಲಾಯುಧಗಳೂ

ನಾವು ಪಾಠಶಾಲೆಯಲ್ಲಿ ಓದಿದ ಚರಿತ್ರೆಯು ಅರಸುಗಳಿಂದಲೇ ಆರಂಭವಾಗುತ್ತಿತ್ತು. ಮೌರ್ಯರು, ಶಾತವಾಹನರು, ಕದಂಬರು, ಚಾಲುಕ್ಯರು ಎಂಬ ಅನುಕ್ರಮವನ್ನು ಕಂಠಪಾಠ ಮಾಡಿ ಒಪ್ಪಿಸಿದ ಮೇಲೆ, ಅವರಿಗಿಂತ ಹಿಂದೆ ಈ ನೆಲದಲ್ಲಿ ಯಾರಿದ್ದರು, ಏನನ್ನು ಹಿಡಿದು ಬೇಟೆಯಾಡಿ ಹೊಟ್ಟೆ ಹೊರೆದುಕೊಂಡರು ಎಂದು ಕೇಳುವ ಹುಡುಗನೂ ಇರಲಿಲ್ಲ, ಹೇಳುವ ಉಪಾಧ್ಯಾಯರೂ ಇರಲಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರವು ನಾವು ದಿನವೂ ತುಳಿದು ನಡೆಯುವ ಜಲ್ಲಿಯಲ್ಲಿಯೇ ಬಿದ್ದಿತ್ತು. ಅದನ್ನು ಮೊದಲು ಎತ್ತಿ, ಒರಸಿ, ಇದು ಮನುಷ್ಯನ ಕೈಕೆಲಸವೆಂದು ಸಾಧಿಸಿದವರು ರಾಬರ್ಟ್ ಬ್ರೂಸ್ ಫೂಟ್ ಎಂಬ ಆಂಗ್ಲ ಭೂವಿಜ್ಞಾನಿಗಳು. ಅವರು ಕಾಲವಾಗಿ ನೂರು ವರ್ಷಗಳಿಗೂ ಮಿಕ್ಕಿದೆ. ಭಾರತದ ಪ್ರಾಗೈತಿಹಾಸ ಶಾಸ್ತ್ರಕ್ಕೆ ಪಿತೃಸ್ಥಾನದಲ್ಲಿರುವ ಈ ಪುರುಷರ ಜೀವನವನ್ನು ವಾಚಕರ ಮುಂದಿಡಲು ನಮಗೆ ಎರಡು ಕಾರಣಗಳುಂಟು. ಅವರ ಕಾಲು ಶತಮಾನಕ್ಕೂ ಮಿಕ್ಕ ತಿರುಗಾಟದಲ್ಲಿ ಒಂದು ಮುಖ್ಯ ಭಾಗವು ಕನ್ನಡನಾಡಿನಲ್ಲಿ ಆಯಿತೆಂಬುದು ಒಂದು. ಪುರಾವೆಯಿಲ್ಲದೆ ಪುರಾತನತ್ವವನ್ನು ಕೊಂಡಾಡುವ ನಮ್ಮ ಅಭ್ಯಾಸಕ್ಕೆ ಅವರ ಜೀವನವು ತಕ್ಕ ಔಷಧವೆಂಬುದು ಇನ್ನೊಂದು.

ಫೂಟ್ ಸಾಹೇಬರು 1834ನೆಯ ಇಸವಿಯ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನಲ್ಲಿ ಜನಿಸಿದರು. ಭಾರತದಲ್ಲಿ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯು 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಎಂಬವರ ಮುಖ್ಯಸ್ಥಿಕೆಯಲ್ಲಿ ಏರ್ಪಟ್ಟಿತ್ತು. ಇಲಾಖೆಗೆ ಮುಖ್ಯವಾಗಿ ಬೇಕಾಗಿದ್ದುದು ಕಲ್ಲಿದ್ದಲು, ಕಬ್ಬಿಣ, ಚಿನ್ನ ಮೊದಲಾದ ಖನಿಜಗಳ ಸುಳಿವೇ ಹೊರತು ಈ ದೇಶದ ಆದಿವಾಸಿಗಳ ಕುಲಗೋತ್ರವಲ್ಲ. 1858ರ ಡಿಸೆಂಬರ್ 28ರಂದು, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಫೂಟರು ಈ ಇಲಾಖೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ನಿಯುಕ್ತರಾದರು. ಕುದುರೆಯ ಮೇಲೆಯೂ ಕಾಲ್ನಡಿಗೆಯಲ್ಲಿಯೂ ಊರೂರು ಸುತ್ತಿ, ಗುಡಾರದಲ್ಲಿ ವಾಸಮಾಡಿ, ಹಳ್ಳಕೊಳ್ಳಗಳ ದಂಡೆಗಳನ್ನು ಪರೀಕ್ಷಿಸಿ, ಯಾವ ಬಂಡೆಯ ಮೇಲೆ ಯಾವ ಬಂಡೆ ಕುಳಿತಿದೆಯೆಂದು ನಕ್ಷೆ ಬರೆಯುವುದು ಅವರ ಉದ್ಯೋಗ. ಮುಂದೆ ಅವರು ತಮಿಳು ಪಂಡಿತರೆಂದು ಹೆಸರಾದ ಪಾದ್ರಿ ಪೀಟರ್ ಪರ್ಸಿವಲ್ಲರ ಅಳಿಯಂದಿರಾಗಿ ದಕ್ಷಿಣ ದೇಶದಲ್ಲಿಯೇ ಬೇರೂರಿದರು.

ಆ ಕಾಲದಲ್ಲಿ ಯೂರೋಪಿನಲ್ಲಿ ಒಂದು ದೊಡ್ಡ ವಾದವು ಆಗತಾನೆ ತೀರ್ಮಾನಕ್ಕೆ ಬಂದಿತ್ತು. 1797ರಲ್ಲಿಯೇ ಇಂಗ್ಲೆಂಡಿನ ಹಾಕ್ಸ್ನ್ ಎಂಬಲ್ಲಿ ಇಟ್ಟಿಗೆ ಮಣ್ಣು ತೋಡುವ ಗುಂಡಿಯ ಆಳದಲ್ಲಿ ಚಕ್ಕೆಯೆದ್ದ ಕಲ್ಲುಗಳು ಸಿಕ್ಕಿದುದನ್ನು ಜಾನ್ ಫ್ರಿಯರ್ ಎಂಬವರು ವರದಿ ಮಾಡಿ, ಅವು ಲೋಹವನ್ನರಿಯದ ಜನರ ಯುದ್ಧಾಯುಧಗಳೆಂದು ಊಹಿಸಿದ್ದರು. ಯಾರೂ ಕಿವಿಗೊಡಲಿಲ್ಲ. ತರುವಾಯ ಫ್ರಾನ್ಸಿನ ಆಬ್‌ವಿಲ್ ಪಟ್ಟಣದ ಸುಂಕದ ಅಧಿಕಾರಿ ಬೂಶೇ ದ ಪೆರ್ತ್ ಎಂಬವರು ಸೋಮ್ ನದಿಯ ಜಲ್ಲಿಯಲ್ಲಿ, ನಷ್ಟವಂಶವಾದ ಪ್ರಾಣಿಗಳ ಎಲುಬುಗಳ ಜತೆಯಲ್ಲಿ, ಅಂಥವೇ ಕಲ್ಲುಗಳನ್ನು ವರ್ಷಗಟ್ಟಲೆ ಕೂಡಹಾಕಿದರು. ಪಂಡಿತರು ಅವರನ್ನೂ ಪರಿಹಾಸ್ಯ ಮಾಡಿದರು. 1859ರಲ್ಲಿ ಪ್ರೆಸ್ಟ್‌ವಿಚ್ ಮತ್ತು ಎವನ್ಸ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು ಸ್ಥಳಕ್ಕೆ ಹೋಗಿ ಕಲ್ಲು ಪದರದೊಳಗೆ ಹುದುಗಿರುವುದನ್ನು ಪ್ರತ್ಯಕ್ಷವಾಗಿ ನೋಡಿ ಬಂದ ಮೇಲೆ ಹಾಸ್ಯವು ನಿಂತಿತು. ಗಮನಿಸತಕ್ಕ ಅಂಶವೆಂದರೆ, ಕಲ್ಲಿನ ಆಕಾರಕ್ಕಿಂತ ಹೆಚ್ಚಾಗಿ ಕಲ್ಲು ಬಿದ್ದಿದ್ದ ಪದರವೇ ಅಲ್ಲಿ ಸಾಕ್ಷಿಯಾಯಿತು. ಈ ಸುದ್ದಿಯನ್ನು ಓದಿಕೊಂಡಿದ್ದ ತರುಣ ಫೂಟರಿಗೆ, ಯೂರೋಪಿನ ಜಲ್ಲಿಯಲ್ಲಿ ಇರುವುದು ಮದರಾಸಿನ ಜಲ್ಲಿಯಲ್ಲಿ ಏಕೆ ಇರಬಾರದೆಂಬ ಪ್ರಶ್ನೆಯು ಹುಟ್ಟಿತು.

ಭಾರತದಲ್ಲಿ ಕಲ್ಲಿನ ಉಪಕರಣಗಳು ಅದಕ್ಕಿಂತ ಮೊದಲು ಯಾರ ಕಣ್ಣಿಗೂ ಬಿದ್ದಿರಲಿಲ್ಲವೆಂದು ನಾವು ಹೇಳುವುದಿಲ್ಲ. ರಾಯಚೂರು ಸೀಮೆಯ ಲಿಂಗಸುಗೂರಿನಲ್ಲಿ 1842ರಲ್ಲಿಯೇ ಡಾಕ್ಟರ್ ಪ್ರಿಮ್‌ರೋಸ್ ಎಂಬವರಿಗೆ ಕಲ್ಲಿನ ಚೂರಿಗಳೂ ಬಾಣದ ಮೊನೆಗಳೂ ದೊರೆತಿದ್ದವು. ಉಜ್ಜಿ ನುಣುಪು ಮಾಡಿದ ಕಲ್ಲುಕೊಡಲಿಗಳನ್ನು ಹಳ್ಳಿಯ ಜನರು ಸಿಡಿಲಿನೊಡನೆ ಬಿದ್ದ ಕಲ್ಲೆಂದು ಭಾವಿಸಿ ಮರದ ಬುಡದಲ್ಲಿಯೂ ಗುಡಿಯಲ್ಲಿಯೂ ಇಟ್ಟು ಪೂಜಿಸುವ ವಾಡಿಕೆಯು ದೇಶದ ಹಲವು ಕಡೆ ಇತ್ತು. ಆದರೆ ಇವು ಯಾವುವೂ ಅತಿ ಪ್ರಾಚೀನ ಕಾಲದವೆಂದು ಸಾಧಿಸಲು ಬೇಕಾದ ಪದರದ ಸಾಕ್ಷ್ಯವು ಯಾರಲ್ಲಿಯೂ ಇರಲಿಲ್ಲ. ವಸ್ತುವಿದ್ದಿತು, ಪ್ರಮಾಣವಿರಲಿಲ್ಲ.

1863ನೆಯ ಇಸವಿಯ ಮೇ ತಿಂಗಳ 30ನೆಯ ತಾರೀಖು ಆ ಪ್ರಮಾಣದ ಮೊದಲ ದಿನ. ಮದರಾಸಿನ ದಕ್ಷಿಣಕ್ಕಿರುವ ಪಲ್ಲಾವರದ ದಂಡಿನ ಮೈದಾನದಲ್ಲಿ ಜಲ್ಲಿಯನ್ನು ತೋಡಿ ತೆಗೆದ ಒಂದು ಗುಂಡಿಯಿತ್ತು. ಹೊರಗೆ ಹಾಕಿದ್ದ ಕೆಂಪು ಜಂಬಿಟ್ಟಿಗೆಯ ಜಲ್ಲಿಯ ನಡುವೆ ಫೂಟರ ದೃಷ್ಟಿಗೆ ಒಂದು ಕಲ್ಲು ಬಿತ್ತು. ಕ್ವಾರ್ಟ್ಸೈಟ್ ಎಂಬ, ಬೆಣಚಿನಂತೆ ಗಡುಸಾದ ಕಲ್ಲು ಅದು. ನೀರಿನಲ್ಲಿ ಉರುಳಿದ ಕಲ್ಲಾದರೆ ಸುತ್ತಲೂ ಗುಂಡಾಗಿರಬೇಕು; ಬಂಡೆಯಿಂದ ಒಡೆದುಬಿದ್ದುದಾದರೆ ಅಡ್ಡಾದಿಡ್ಡಿ ಮೂಲೆಗಳಿರಬೇಕು. ಇದರಲ್ಲಿಯಾದರೋ ಎರಡು ಮುಖಗಳಿಂದಲೂ ಚಕ್ಕೆಗಳನ್ನು ಕ್ರಮವಾಗಿ ಎಬ್ಬಿಸಿ, ಅಂಚನ್ನು ಹರಿತಮಾಡಿ, ಬುಡವು ಅಂಗೈಗೆ ಒಗ್ಗುವಂತೆ ಬಿಟ್ಟಿತ್ತು. ಅಂಥ ಕಲ್ಲನ್ನು ಇಂದು ಕೈಕೊಡಲಿಯೆಂದು ಕರೆಯುತ್ತಾರೆ. ಆಗ ಫೂಟರಿಗೆ ಇಪ್ಪತ್ತೆಂಟು ವರ್ಷ.

ಇಷ್ಟರಿಂದಲೇ ಅವರು ಡಂಗುರ ಸಾರಿದ್ದರೆ ಇಂದು ನಾವು ಅವರನ್ನು ಕುರಿತು ಬರೆಯುತ್ತಿರಲಿಲ್ಲ. ಗುಂಡಿಯಿಂದ ಹೊರಗೆಳೆದ ಕಲ್ಲು ಯಾವ ಪದರದ್ದೆಂದು ಆಣೆಯಿಟ್ಟು ಹೇಳಲಾಗದು. ಆದಕಾರಣ ಅವರು ಹುಡುಕುತ್ತಲೇ ಹೋದರು. ಅದೇ ವರ್ಷದ ಸೆಪ್ಟೆಂಬರ್ 28ರಂದು, ತಮ್ಮ ಸಹೋದ್ಯೋಗಿ ವಿಲಿಯಂ ಕಿಂಗರ ಸಂಗಡ, ಮದರಾಸಿಗೆ ವಾಯವ್ಯದಲ್ಲಿ ಸುಮಾರು 60 ಕಿಲೋಮೀಟರು ದೂರದ ಕೊರ್ತಲಯಾರ್ ನದಿಯ ಕಣಿವೆಯಲ್ಲಿ, ಅತ್ತಿರಂಪಾಕ್ಕಂ ಎಂಬ ಹಳ್ಳಿಯ ಬಳಿಯ ಕೊರಕಲುಗಳಲ್ಲಿ, ಅಂಥವೇ ಉಪಕರಣಗಳು ದೊರೆತವು. ಮುಂದಿನ ಶೋಧನೆಗಳಲ್ಲಿ ಜಂಬಿಟ್ಟಿಗೆಯ ಪದರಗಳಲ್ಲಿಯೇ ಅವು ಇರುವುದು ಗೊತ್ತಾಯಿತು. ಈ ವಿಷಯವಾಗಿ ಅವರು ಮದರಾಸಿನ ವಿದ್ವತ್ಪತ್ರಿಕೆಯಲ್ಲಿ 1866ರಲ್ಲಿಯೂ, ಲಂಡನ್ನಿನ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ 1868ರಲ್ಲಿಯೂ ಪ್ರಬಂಧಗಳನ್ನು ಪ್ರಕಟಿಸಿದರು. ಶೋಧಕ್ಕೂ ಪ್ರಬಂಧಕ್ಕೂ ನಡುವೆ ಕಳೆದ ಮೂರು ವರ್ಷಗಳು ವ್ಯರ್ಥಕಾಲವಲ್ಲ. ಅವು ಪ್ರಮಾಣವನ್ನು ಸಂಗ್ರಹಿಸಿದ ಕಾಲ.

ಇಲ್ಲಿ ವಾಚಕರು ಒಂದು ಸಂದೇಹವನ್ನು ಎತ್ತಬಹುದು. ಈ ಕೈಕೊಡಲಿಯು ಬೇಟೆಯ ಆಯುಧವೇ? ಜನಸಾಮಾನ್ಯರ ಚಿತ್ರಪಟಗಳಲ್ಲಿ ಆದಿಮಾನವನು ಇದನ್ನು ಎತ್ತಿಹಿಡಿದು ಹುಲಿಯ ಮೇಲೆ ಬೀಳುತ್ತಿರುತ್ತಾನೆ. ಆ ಚಿತ್ರವು ರಮ್ಯವಾದರೂ ಪ್ರಮಾಣಸಿದ್ಧವಲ್ಲ. ಹಿಡಿಯಿಲ್ಲದ ಕಲ್ಲನ್ನು ಅಂಗೈಯಲ್ಲಿ ಹಿಡಿದು ಕಾಡುಕೋಣದ ಬಳಿ ಹೋಗುವವನು ಬೇಟೆಗಾರನಾಗುವ ಮೊದಲು ಬಲಿಯಾಗುವನು. ಇಂಥ ಕಲ್ಲುಗಳ ಅಂಚಿನ ಸವೆತವನ್ನೂ, ಅವುಗಳ ಜತೆ ಸಿಕ್ಕ ಎಲುಬುಗಳ ಮೇಲಿನ ಗೀರುಗಳನ್ನೂ ಪರೀಕ್ಷಿಸಿದ ಪಂಡಿತರು, ಇವು ಹೆಚ್ಚಾಗಿ ಬಿದ್ದ ಪ್ರಾಣಿಯ ಚರ್ಮ ಸುಲಿಯುವುದಕ್ಕೂ, ಮಾಂಸ ಕೊಯ್ಯುವುದಕ್ಕೂ, ಮರ ಕೆತ್ತುವುದಕ್ಕೂ ಉಪಯೋಗವಾದವೆಂದು ತಿಳಿಸುತ್ತಾರೆ. ಅಂದರೆ ಕೈಕೊಡಲಿಯು ಬೇಟೆಯ ಮೊದಲ ಕ್ಷಣದ ಆಯುಧಕ್ಕಿಂತ ಹೆಚ್ಚಾಗಿ ಬೇಟೆಯ ಅನಂತರದ ಹತಾರು; ಆಯುಧವನ್ನು ಮಾಡುವ ಆಯುಧವೂ ಹೌದು.

ನಮ್ಮ ಪೂರ್ವಿಕರು ಕೈಯಲ್ಲಿ ಹಿಡಿದೇ ಹೊಡೆಯುವುದನ್ನು ಶಸ್ತ್ರವೆಂದೂ ಎಸೆದು ಹೊಡೆಯುವುದನ್ನು ಅಸ್ತ್ರವೆಂದೂ ವಿಂಗಡಿಸಿದರು. ಬೇಟೆಯ ಆಯುಧಗಳ ಮೂಲವನ್ನು ಹುಡುಕುವ ಇಂದಿನ ಶಾಸ್ತ್ರಜ್ಞರಿಗೂ ಈ ವಿಂಗಡಣೆಯೇ ಮುಖ್ಯ. ತಿವಿಯುವ ಈಟಿಯು ಎಂದು ಹುಟ್ಟಿತು, ಎಸೆಯುವ ಭರ್ಜಿ ಎಂದು ಬಂದಿತು, ಬಿಲ್ಲುಬಾಣ ಎಂದು ಆಯಿತು ಎಂಬ ಮೂರು ಪ್ರಶ್ನೆಗಳೇ ಈ ಶಾಸ್ತ್ರದ ತಿರುಳು. ತೊಡಕೇನೆಂದರೆ, ಈಟಿಯ ದಂಡವು ಮರದ್ದು, ಬಿಲ್ಲಿನ ಹೆದೆಯು ನರ ಅಥವಾ ನಾರಿನದು, ಮೊನೆಯನ್ನು ಕಟ್ಟುವ ಅಂಟು ಮರದ ಅಂಟು. ಇವೆಲ್ಲವೂ ಮಣ್ಣಿನಲ್ಲಿ ಕರಗಿಹೋಗುತ್ತವೆ, ಕಲ್ಲೊಂದೇ ಉಳಿಯುತ್ತದೆ. ಅದರಲ್ಲಿಯೂ ನಮ್ಮ ದೇಶದ ಬಿಸಿಲು ಮಳೆಗಳಲ್ಲಿ ಮರವು ಉಳಿಯುವುದೆಂಬುದು ದುರಾಶೆ. ಫೂಟರ ಗಂಟಿನಲ್ಲಿ ಕಲ್ಲು ಹೆಚ್ಚಿ ಮರ ಇಲ್ಲದುದಕ್ಕೆ ಕಾರಣ ಇದೇ ಹೊರತು ಅವರ ಅಲಕ್ಷ್ಯವಲ್ಲ.

ಇನ್ನು ಕನ್ನಡನಾಡಿನಲ್ಲಿ ಅವರು ನಡೆಸಿದ ಕಾರ್ಯಕ್ಕೆ ಬರುವ. ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗಳ ಭೂರಚನೆಯನ್ನು ಪರೀಕ್ಷಿಸಿ ಅವರು ಬರೆದ ದೊಡ್ಡ ವರದಿಯು 1876ರಲ್ಲಿ ಹೊರಬಿತ್ತು. ಈ ಸಂಚಾರದಲ್ಲಿ ಮಲಪ್ರಭೆಯ ಕಣಿವೆಯ ಜಲ್ಲಿಯಲ್ಲಿ ಮದರಾಸಿನವುಗಳಂಥವೇ ಹಳೆಯ ಶಿಲಾಯುಗದ ಉಪಕರಣಗಳು ಅವರಿಗೆ ದೊರೆತವು. ಆ ಜನರು ಒಳ್ಳೆಯ ಕಲ್ಲು ಸಿಕ್ಕುವ ಗುಡ್ಡಗಳ ಸುತ್ತಮುತ್ತ ತಿರುಗುತ್ತಿದ್ದರೆಂಬುದನ್ನು, ಉಪಕರಣಗಳು ಹಂಚಿಹೋಗಿರುವ ಬಗೆಯನ್ನು ನೋಡಿಯೇ ಅವರು ಕಂಡುಕೊಂಡರು. ಗೋಕಾವಿಯ ಸಮೀಪದಲ್ಲಿ ಅವರಿಗೆ ನಷ್ಟವಂಶದ ಖಡ್ಗಮೃಗವೊಂದರ ಎಲುಬುಗಳು ಸಿಕ್ಕಿದವು. 1874ರಲ್ಲಿ ಅದನ್ನು ವಿವರಿಸಿ ದಕ್ಖನಿನ ಹೆಸರನ್ನೇ ಅದಕ್ಕಿಟ್ಟರು. ಘಟಪ್ರಭೆಯ ದಂಡೆಯಲ್ಲಿ ಖಡ್ಗಮೃಗಗಳು ಮೇಯುತ್ತಿದ್ದ ಕಾಲವೊಂದಿತ್ತೆಂದು ನಮ್ಮ ಜನರಲ್ಲಿ ಎಷ್ಟು ಮಂದಿಗೆ ಗೊತ್ತು? ಆದರೆ ಎಲುಬು ಸಿಕ್ಕಿದ ಮಾತ್ರಕ್ಕೆ ಬೇಟೆಯು ಸಿದ್ಧವಾಗದು. ಪ್ರಾಣಿಯೂ ಆಯುಧವೂ ಒಂದೇ ಪದರದಲ್ಲಿ, ಎಲುಬಿನ ಮೇಲೆ ಕೊಯ್ದ ಗುರುತಿನೊಡನೆ ಸಿಕ್ಕಬೇಕು. ಈ ಕಟ್ಟುನಿಟ್ಟನ್ನು ಮರೆತರೆ ಶಾಸ್ತ್ರವು ಪುರಾಣವಾಗುತ್ತದೆ.

ಬಳ್ಳಾರಿ ಜಿಲ್ಲೆಯು ಫೂಟರಿಗೆ ಎರಡನೆಯ ಮನೆಯಂತಾಯಿತು. ಆ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ಅವರ ಗ್ರಂಥವು 1895ರಲ್ಲಿ ಪ್ರಕಟವಾಯಿತು. ಸಂಗನಕಲ್ಲು, ಕುಪ್ಪಗಲ್ಲುಗಳ ಗುಡ್ಡಗಳಲ್ಲಿ ಕರಿಯ ಡಾಲರೈಟ್ ಕಲ್ಲಿನ ಒಂದು ಏಣು ಹಾದುಹೋಗಿದೆ. ಅಲ್ಲಿ ನವಶಿಲಾಯುಗದ ಜನರು ಕಲ್ಲನ್ನು ಒಡೆದು, ಚಕ್ಕೆಯೆಬ್ಬಿಸಿ, ಕುಟ್ಟಿ, ಬಂಡೆಯ ಮೇಲೆ ಉಜ್ಜಿ ಕೊಡಲಿಗಳನ್ನು ಸಿದ್ಧಪಡಿಸುತ್ತಿದ್ದರು. ಅರ್ಧ ಮಾಡಿ ಬಿಟ್ಟವು, ಮುರಿದು ಎಸೆದವು, ನುಣುಪಾಗಿ ಮುಗಿದವು, ಎಲ್ಲವೂ ಒಂದೇ ಸ್ಥಳದಲ್ಲಿ ರಾಶಿಬಿದ್ದುದನ್ನು ಕಂಡ ಫೂಟರು ಅದು ಕಾರ್ಖಾನೆಯೆಂದು ಗುರುತಿಸಿ 1887ರ ತಮ್ಮ ಲೇಖನದಲ್ಲಿ ವಿವರಿಸಿದರು. ಈ ಕೊಡಲಿಗಳ ಕಾಲವು ಇಂದಿಗೆ ಮೂರು ನಾಲ್ಕು ಸಾವಿರ ವರ್ಷಗಳ ಹಿಂದಿನದು. ಅವು ಕಾಡು ಕಡಿದು ಹೊಲ ಮಾಡಿ ದನ ಸಾಕಿದವರ ಹತಾರುಗಳು. ಕೊಡಲಿಯೆಂದೊಡನೆ ಆಯುಧವೆಂದು ತಿಳಿಯುವುದು ಹೇಗೆ ತಪ್ಪೆಂಬುದಕ್ಕೆ ಇದು ಇನ್ನೊಂದು ನಿದರ್ಶನ.

ಅದೇ ಜಿಲ್ಲೆಯ ಬೂದಿದಿಬ್ಬಗಳ ವಿಷಯದಲ್ಲಿ ಅವರ ವಿವೇಚನೆಯು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕುಡತಿನಿ ಮೊದಲಾದ ಕಡೆಗಳಲ್ಲಿರುವ ಈ ದಿಬ್ಬಗಳನ್ನು ಜನರು ರಾಕ್ಷಸರ ಚಿತಾಭಸ್ಮವೆಂದು ನಂಬುತ್ತಿದ್ದರು. ವಿದ್ವಾಂಸರಲ್ಲಿ ಕೆಲವರು ದೊಡ್ಡ ಸಹಗಮನಗಳ ಕುರುಹೆಂದು ಊಹಿಸಿದರು. ಫೂಟರು ಬೂದಿಯನ್ನೂ ಅದರೊಳಗಿನ ವಸ್ತುಗಳನ್ನೂ ಪರೀಕ್ಷಿಸಿ, ಇವು ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಯನ್ನು ಸುಟ್ಟುದರಿಂದ ಆದವೆಂಬ ಅಭಿಪ್ರಾಯಕ್ಕೆ ಬಂದರು. ಮುಂದೆ 1957ರಲ್ಲಿ ರೇಮಂಡ್ ಆಲ್ಚಿನ್ ಎಂಬವರು ತೆಲಂಗಾಣದ ಉಟ್ನೂರಿನ ಬೂದಿದಿಬ್ಬವನ್ನು ಶಾಸ್ತ್ರೀಯವಾಗಿ ಅಗೆದಾಗ ದನಗಳ ಗೊರಸಿನ ಗುರುತುಗಳೂ ದೊಡ್ಡಿಯ ಗೂಟದ ಕುಳಿಗಳೂ ಹೊರಬಿದ್ದು ಫೂಟರ ಮಾತು ದೃಢವಾಯಿತು. ರಾಕ್ಷಸರು ಹೋಗಿ ನಮ್ಮಂಥ ಗೋವಳರು ಬಂದರು. ಇದರಿಂದ ನಾಡಿನ ಗೌರವವು ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ. ಚಿನ್ನವನ್ನು ಗರ್ಭದಲ್ಲಿಟ್ಟುಕೊಂಡಿರುವ ನಮ್ಮ ಪ್ರಾಚೀನ ಶಿಲಾಸಮುದಾಯಕ್ಕೆ ಧಾರವಾಡದ ಹೆಸರನ್ನಿಟ್ಟವರೂ ಇವರೇ. ಆ ಹೆಸರು ಇಂದಿಗೂ ಜಗತ್ತಿನ ಭೂವಿಜ್ಞಾನ ಗ್ರಂಥಗಳಲ್ಲಿ ನಿಂತಿದೆ.

ಬೇಟೆಯ ಆಯುಧಗಳ ಪ್ರಶ್ನೆಗೆ ಅವರು ಹೆಚ್ಚು ಸಮೀಪಿಸಿದುದು ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳಲ್ಲಿ. ಈ ಗುಹೆಗಳನ್ನು ಅಗೆಯಬೇಕೆಂದು ಪ್ರಖ್ಯಾತ ಜೀವಶಾಸ್ತ್ರಜ್ಞರಾದ ಹಕ್ಸ್ಲಿಯವರು ಮದರಾಸಿನ ಗವರ್ನರರಿಗೆ ಸೂಚಿಸಿದ್ದರು. 1884 ಮತ್ತು 1885ರಲ್ಲಿ ಫೂಟರೂ, ಸೈನ್ಯದ ಫಿರಂಗಿ ದಳದಲ್ಲಿ ಅಧಿಕಾರಿಯಾಗಿದ್ದ ಅವರ ಮಗ ಹೆನ್ರಿಯೂ ಅಲ್ಲಿ ಅಗೆತ ನಡೆಸಿದರು. ಗುಹೆಯ ಮಣ್ಣಿನಲ್ಲಿ ಅನೇಕ ಪ್ರಾಣಿಗಳ ಎಲುಬುಗಳೂ, ಅವುಗಳ ನಡುವೆ ಮನುಷ್ಯನು ಕೆರೆದು ಚೂಪು ಮಾಡಿದಂತೆ ತೋರುವ ಮೂಳೆಯ ಮೊನೆಗಳೂ ದೊರೆತವು. ಮೊನೆಯೆಂದ ಮೇಲೆ ದಂಡವಿದ್ದಿರಬೇಕು. ದಂಡವಿದ್ದರೆ ಈಟಿಯೋ ಬಾಣವೋ ಆಗಿರಬೇಕು. ಆದರೆ ಬಹುಕಾಲ ವಿದ್ವಾಂಸರು ಆ ಮೂಳೆಗಳನ್ನು ಸಂಶಯದಿಂದ ನೋಡಿದರು. ಭಾರತದಲ್ಲಿ ಅಂಥವು ಮತ್ತೆಲ್ಲಿಯೂ ಸಿಕ್ಕಿರಲಿಲ್ಲ. ಪ್ರಾಣಿಗಳು ಕಡಿದ ಎಲುಬೂ ಚೂಪಾಗಬಹುದು. 1970ರ ದಶಕದಲ್ಲಿ ಎಂ. ಎಲ್. ಕೆ. ಮೂರ್ತಿಯವರು ಅದೇ ಸೀಮೆಯ ಮತ್ತೊಂದು ಗುಹೆಯಲ್ಲಿ ಅಗೆತ ನಡೆಸಿದಾಗ ಮೂಳೆಯ ಉಪಕರಣಗಳು ಸಿಕ್ಕಿ, ಫೂಟರ ವರದಿಗೆ ಮತ್ತೆ ಬೆಲೆ ಬಂದಿತು.

1891ರಲ್ಲಿ, ಮೂವತ್ತಮೂರು ವರ್ಷಗಳ ಸೇವೆಯ ತರುವಾಯ, ಅವರು ಸರ್ವೇಕ್ಷಣ ಇಲಾಖೆಯಿಂದ ನಿವೃತ್ತರಾದರು. ಪಿಂಚಣಿ ತೆಗೆದುಕೊಂಡು ಸ್ವದೇಶಕ್ಕೆ ಹಿಂದಿರುಗುವ ಬದಲು ಸೇಲಂ ಬಳಿಯ ಏರ್ಕಾಡಿನ ಬೆಟ್ಟದಲ್ಲಿ ಮನೆ ಮಾಡಿಕೊಂಡರು. ಬರೋಡಾ ಸಂಸ್ಥಾನದವರು ತಮ್ಮ ಸೀಮೆಯ ಪರೀಕ್ಷೆಗೆ ಅವರನ್ನು ಕರೆಸಿಕೊಂಡರು. ಬಳಿಕ 1894ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾದವರು ಇವರೇ. ಅರವತ್ತನ್ನು ಮುಟ್ಟಿದ ವಯಸ್ಸಿನಲ್ಲಿ ಮತ್ತೆ ಸುತ್ತಿಗೆಯನ್ನು ಹಿಡಿದು ಮೈಸೂರು ಸೀಮೆಯ ಗುಡ್ಡಗಳನ್ನು ಹತ್ತಿದರು.

ಗುಜರಾತಿನ ಸಾಬರಮತಿಯ ದಂಡೆಯಲ್ಲಿ ಅವರು ಒಂದು ವಿಶೇಷವನ್ನು ಕಂಡರು. ಹಳೆಯ ಶಿಲಾಯುಗದ ಉಪಕರಣಗಳು ಕೆಳಗಿನ ಜಲ್ಲಿಯಲ್ಲಿದ್ದವು, ಆಮೇಲಿನ ಕಾಲದ ವಸ್ತುಗಳು ಬಹಳ ಎತ್ತರದಲ್ಲಿ ಮೇಲಿದ್ದವು. ನಡುವೆ ಸುಮಾರು 200 ಅಡಿಗಳ ಮಣ್ಣು. ಇದರಿಂದ ಅವರು ಎರಡು ಯುಗಗಳ ನಡುವೆ ಮನುಷ್ಯನಿಲ್ಲದ ದೊಡ್ಡ ಅಂತರವೊಂದು ಇತ್ತೆಂದು ತರ್ಕಿಸಿದರು. ಈ ತರ್ಕವು ನಿಲ್ಲಲಿಲ್ಲ. ಉಗುರಿನಷ್ಟು ಸಣ್ಣ ಕಲ್ಲಿನ ಅಲಗುಗಳನ್ನು ಮಾಡಿ ದಂಡಕ್ಕೆ ಅಂಟಿಸಿ ಬಾಣವಾಗಿಯೂ ಭರ್ಜಿಯಾಗಿಯೂ ಬಳಸಿದ ಬೇಟೆಗಾರರು ಆ ಅಂತರವನ್ನು ತುಂಬಿದ್ದರೆಂದು ತರುವಾಯದ ಶೋಧನೆಗಳು ತೋರಿಸಿದವು. ಗುಜರಾತಿನ ಲಾಂಘ್ನಾಜಿನಲ್ಲಿ 1940ರ ದಶಕದಲ್ಲಿ ಸಾಂಕಳಿಯಾ ಅವರು ನಡೆಸಿದ ಅಗೆತವು ಅವುಗಳಲ್ಲೊಂದು. ದೊಡ್ಡವರ ದೋಷವನ್ನು ಮುಚ್ಚುವುದು ಗೌರವವಲ್ಲ. ಫೂಟರ ತಪ್ಪನ್ನು ನಾವಿಂದು ತಿದ್ದಲಾಗುವುದು, ಯಾವ ಕಲ್ಲು ಎಷ್ಟು ಆಳದಲ್ಲಿ ಸಿಕ್ಕಿತೆಂದು ಅವರೇ ಬರೆದಿಟ್ಟುದರಿಂದ. ಬರೆದಿಟ್ಟವನ ತಪ್ಪು ತಿದ್ದಲು ಬರುತ್ತದೆ. ಬರೆಯದವನ ಸತ್ಯವೂ ಉಪಯೋಗಕ್ಕೆ ಬರುವುದಿಲ್ಲ.

ಜೀವಮಾನದಲ್ಲಿ ನಾನೂರಕ್ಕೂ ಮಿಕ್ಕ ನೆಲೆಗಳಿಂದ ಸಂಗ್ರಹಿಸಿದ ವಸ್ತುಗಳು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದವು. ಅವನ್ನು ಹಡಗಿನಲ್ಲಿ ಹೇರಿ ವಿಲಾಯಿತಿಗೆ ಸಾಗಿಸದೆ ಸಿಕ್ಕ ನಾಡಿನಲ್ಲಿಯೇ ಉಳಿಯಗೊಟ್ಟರೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಪ್ರತಿಯೊಂದು ವಸ್ತುವಿನ ಪಟ್ಟಿಯನ್ನೂ ವಿವರಣೆಯನ್ನೂ ಸಿದ್ಧಪಡಿಸುವುದರಲ್ಲಿ ಅವರ ಕೊನೆಯ ವರ್ಷಗಳು ಕಳೆದವು. ಅಚ್ಚಾದುದನ್ನು ನೋಡುವ ಯೋಗವಿರಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ದೇಹಬಿಟ್ಟರು. ಆ ಪಟ್ಟಿಯು 1914ರಲ್ಲಿಯೂ ಅದರ ಟಿಪ್ಪಣಿಗಳು 1916ರಲ್ಲಿಯೂ ಹೊರಬಂದವು. ಏರ್ಕಾಡಿನ ಇಗರ್ಜಿಯಲ್ಲಿ ಅವರ ಸ್ಮಾರಕವಿದೆ.

ಅವರ ಮರಣಕ್ಕೆ ಒಂದು ವರ್ಷ ಮೊದಲು, 1911ರಲ್ಲಿ, ಇಂಗ್ಲೆಂಡಿನ ಕ್ಲ್ಯಾಕ್ಟನ್ ಎಂಬ ಕಡಲತೀರದಲ್ಲಿ ಚೂಪಾಗಿ ಕೆತ್ತಿದ ಮರದ ತುಂಡೊಂದು ಸಿಕ್ಕಿತು. ಅದು ಸುಮಾರು 4 ಲಕ್ಷ ವರ್ಷಗಳ ಹಿಂದಿನ ಈಟಿಯ ಮೊನೆಯೆಂದು ಇಂದು ಎಣಿಸಲ್ಪಟ್ಟಿದೆ. ಜಗತ್ತಿನಲ್ಲಿ ಉಳಿದಿರುವ ಮರದ ಬೇಟೆಯಾಯುಧಗಳಲ್ಲಿ ಅತಿ ಹಳೆಯದು. ಜರ್ಮನಿಯ ಶೋನಿಂಗನ್ ಎಂಬಲ್ಲಿ 1990ರ ದಶಕದಲ್ಲಿ ಕಲ್ಲಿದ್ದಲಿನ ಗಣಿಯ ಜವುಗು ಮಣ್ಣಿನಿಂದ ಆಳುದ್ದವನ್ನು ಮೀರಿದ ಹಲವು ಈಟಿಗಳೂ, ಅವುಗಳ ಸುತ್ತ ಕೊಯ್ದ ಗುರುತುಗಳುಳ್ಳ ಕುದುರೆಗಳ ಎಲುಬುಗಳೂ ಹೊರಬಂದವು. ಅವುಗಳ ಕಾಲವನ್ನು 2 ಲಕ್ಷದಿಂದ 3 ಲಕ್ಷ ವರ್ಷಗಳೆಂದು ವಿದ್ವಾಂಸರು ಎಣಿಸುತ್ತಾರೆ. ಆಯುಧವೂ ಪ್ರಾಣಿಯೂ ಒಂದೇ ಪದರದಲ್ಲಿರಬೇಕೆಂಬ ಕಟ್ಟಳೆಯು ಅಲ್ಲಿ ಪೂರ್ಣವಾಗಿ ಸಲ್ಲುತ್ತದೆ. ಕಲ್ಲಿನ ಮೊನೆಯನ್ನು ದಂಡಕ್ಕೆ ಕಟ್ಟುವ ವಿದ್ಯೆಯು ದಕ್ಷಿಣ ಆಫ್ರಿಕೆಯಲ್ಲಿ 5 ಲಕ್ಷ ವರ್ಷಗಳ ಹಿಂದೆಯೇ ಇತ್ತೆಂದು, ಮೊನೆಗಳ ತುದಿ ಮುರಿದ ರೀತಿಯಿಂದ ಕೆಲವರು ವಾದಿಸುತ್ತಾರೆ, ಇತರರು ಒಪ್ಪುವುದಿಲ್ಲ. ಬಿಲ್ಲಿನ ಸುಳಿವು ಅದೇ ನಾಡಿನ ಸಿಬುದು ಗುಹೆಯಲ್ಲಿ ಸುಮಾರು 64 ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ನೆರೆಯ ಸಿಂಹಳದ ಫಾ ಹಿಯೆನ್ ಗುಹೆಯಲ್ಲಿ ಸಿಕ್ಕ ಮೂಳೆಯ ಬಾಣಮೊನೆಗಳು ಸುಮಾರು 48 ಸಾವಿರ ವರ್ಷಗಳಷ್ಟು ಹಳೆಯವೆಂದು 2020ರಲ್ಲಿ ಪ್ರಕಟವಾಯಿತು. ಕರ್ನೂಲಿನ ಗುಹೆಯಲ್ಲಿ ಮೂಳೆಯ ಮೊನೆಗಳನ್ನು ಹುಡುಕಿದ ತಂದೆಮಕ್ಕಳು ವ್ಯರ್ಥವಾದ ದಾರಿಯನ್ನು ಹಿಡಿದಿರಲಿಲ್ಲವೆಂದು ಇದರಿಂದ ತೋರುತ್ತದೆ. ಅದೇ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಆ ಸಣ್ಣ ಅಲಗುಗಳು ಸುಮಾರು 35 ಸಾವಿರ ವರ್ಷಗಳಷ್ಟು ಹಳೆಯ ಪದರಗಳಲ್ಲಿ ದೊರೆತಿವೆ.

ಫೂಟರು ನಡೆದ ಅತ್ತಿರಂಪಾಕ್ಕಂಗೆ ಶಾಂತಿ ಪಪ್ಪು, ಕುಮಾರ್ ಅಖಿಲೇಶ್ ಮೊದಲಾದ ನಮ್ಮ ವಿದ್ವಾಂಸರು ಮತ್ತೆ ಹೋದರು. ಅಲ್ಲಿಯ ಕೈಕೊಡಲಿಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಿಂದಿನವೆಂದು 2011ರಲ್ಲಿಯೂ, ದಂಡಕ್ಕೆ ಕಟ್ಟಬಹುದಾದ ಮೊನೆಗಳಿರುವ ಮುಂದಿನ ಹಂತದ ಚಕ್ಕೆಗೆಲಸವು ಸುಮಾರು 3 ಲಕ್ಷ 85 ಸಾವಿರ ವರ್ಷಗಳ ಹಿಂದೆಯೇ ಆರಂಭವಾಗಿತ್ತೆಂದು 2018ರಲ್ಲಿಯೂ ಅವರು ಪ್ರಕಟಿಸಿದರು. ನಮ್ಮ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ, ಪದ್ದಯ್ಯನವರು ಅಗೆದ ಸುಣ್ಣಗಲ್ಲಿನ ಕಾರ್ಖಾನೆಯ ನೆಲೆಗೆ, ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳ ಪರೀಕ್ಷೆಯಿಂದ ಸುಮಾರು 12 ಲಕ್ಷ 70 ಸಾವಿರ ವರ್ಷಗಳ ವಯಸ್ಸು ಗೊತ್ತಾಗಿದೆ. ಇಂಥ ಸಂಖ್ಯೆಗಳನ್ನು ಫೂಟರು ಕನಸಿನಲ್ಲಿಯೂ ಎಣಿಸಿರಲಾರರು. ಆದರೆ ಎಲ್ಲಿ ಅಗೆಯಬೇಕೆಂದು ತೋರಿಸಿಕೊಟ್ಟವರು ಅವರೇ.

ಹೀಗಿರಲು ನಮ್ಮ ಕರ್ತವ್ಯವೇನು? ಪರದೇಶದ ಒಬ್ಬ ಸಂಬಳದ ನೌಕರನು ತನ್ನ ಉದ್ಯೋಗದ ಬಿಡುವಿನಲ್ಲಿ ನಮ್ಮ ನೆಲವನ್ನು ಓದಿದನು. ಆ ನೆಲದ ಮಕ್ಕಳಾದ ನಾವು ಅದನ್ನು ಒಡೆದು ಮಾರುತ್ತಿದ್ದೇವೆಂಬುದು ನಾಚಿಕೆಯ ಮಾತು. ಬೂದಿದಿಬ್ಬಗಳಲ್ಲಿ ಎಷ್ಟನ್ನೋ ಗೊಬ್ಬರಕ್ಕೆಂದು ಬಂಡಿಗಳಲ್ಲಿ ಹೇರಿ ಹೊಲಕ್ಕೆ ಹರಡಿಯಾಯಿತು. ಕುಪ್ಪಗಲ್ಲಿನ ಹಿರೇಗುಡ್ಡದ ಕಲ್ಲುಗಣಿಯಿಂದ ಅಲ್ಲಿಯ ಪ್ರಾಚೀನ ಬಂಡೆಚಿತ್ರಗಳಿಗೂ ಕಾರ್ಖಾನೆಯ ನೆಲೆಗೂ ಹಾನಿ ತಟ್ಟಿದೆ. ಬಳ್ಳಾರಿಯಲ್ಲಿ ಫೂಟರ ಹೆಸರಿನಲ್ಲಿ ಸಂಗನಕಲ್ಲಿನ ವಸ್ತುಗಳ ಸಂಗ್ರಹಾಲಯವೊಂದು ಏರ್ಪಟ್ಟಿರುವುದು ಸಂತೋಷದ ವಿಷಯ. ಆದರೆ ಗುಡ್ಡವು ಪುಡಿಯಾದ ಮೇಲೆ ಗಾಜಿನ ಪೆಟ್ಟಿಗೆಯು ಅದರ ಬದಲಾಗಲಾರದು. ಪದರ ಹೋದರೆ ಸಾಕ್ಷಿ ಹೋಯಿತು. ಉಳಿದುದು ಬರಿಯ ಕಲ್ಲು.

ನಾವು ಅಧಿಕಾರಿಗಳಲ್ಲಿಯೂ ಪಟ್ಟಣಿಗರಲ್ಲಿಯೂ ಬೇಡುವುದು ದೊಡ್ಡದಲ್ಲ. ಗಣಿಯ ಗುತ್ತಿಗೆಗೆ ರುಜು ಹಾಕುವ ಮುನ್ನ ಆ ಗುಡ್ಡದಲ್ಲಿ ಏನಿದೆಯೆಂದು ಪುರಾತತ್ತ್ವ ಇಲಾಖೆಯನ್ನು ವಿಚಾರಿಸಿರಿ. ಕೆರೆಯ ಹೂಳನ್ನೋ ಬಾವಿಯ ಮಣ್ಣನ್ನೋ ತೆಗೆಯುವಾಗ ಕೈಕೆಲಸದ ಕಲ್ಲು ಕಂಡರೆ, ಅದನ್ನು ಮನೆಯ ಕಪಾಟಿಗೆ ಸಾಗಿಸದೆ, ಇದ್ದಲ್ಲಿಯೇ ಬಿಟ್ಟು, ಎಷ್ಟು ಆಳದಲ್ಲಿ ಯಾವ ಬಣ್ಣದ ಮಣ್ಣಿನಲ್ಲಿತ್ತೆಂದು ಬರೆದುಕೊಂಡು ಬಲ್ಲವರಿಗೆ ತಿಳಿಸಿರಿ. ಹೈಸ್ಕೂಲಿನ ಉಪಾಧ್ಯಾಯರು ಮೌರ್ಯರ ಪಾಠಕ್ಕೆ ಮೊದಲು ಒಂದು ದಿನ ಹುಡುಗರನ್ನು ಹತ್ತಿರದ ಹಳ್ಳದ ದಂಡೆಗೆ ಕರೆದುಕೊಂಡು ಹೋಗಲಿ. ಪಲ್ಲಾವರದ ಗುಂಡಿಯ ಬಳಿ ಅಂದು ಎಷ್ಟೋ ಮಂದಿ ಹಾದುಹೋಗಿದ್ದರು. ಒಬ್ಬರು ಮಾತ್ರ ನಿಂತು ಬಗ್ಗಿ ನೋಡಿದರು. ಮುಂದಿನ ಸಲ ಬಗ್ಗಿ ನೋಡುವವನು ಈ ನೆಲದ ಹುಡುಗನಾಗಿರಬೇಕೆಂಬುದೇ ನಮ್ಮ ಅಪೇಕ್ಷೆ.